ಹತ್ತು ಹೇಂಟೆಗೆ ಒಂದು ಹುಂಜ ಸಾಕು

ಸಂಕ್ರಾಂತಿ ಕಳೆದು ಯುಗಾದಿ ಹತ್ತಿರವಾಗುತ್ತಿದ್ದಂತೆ ನಮ್ಮ ಪಶು ಆಸ್ಪತ್ರೆಗೆ ಬರುವ ನಾಟಿ ಕೋಳಿಗಳಲ್ಲಿ ಒಂದೇ ಬಗೆಯ ಗಾಯ ಕಾಣುತ್ತದೆ. ಬೆನ್ನ ಮೇಲೆ ಅಂಗೈಯಗಲ ಗರಿಯಿಲ್ಲ. ಚರ್ಮ ಕೆಂಪಾಗಿರುತ್ತದೆ. ರೆಕ್ಕೆಯ ಬುಡದಿಂದ ಕೆಳಕ್ಕೆ ಉದ್ದಕ್ಕೂ ಸೀಳು. ಜುಟ್ಟಿನ ಹಿಂಭಾಗ ಒಣಗಿದ ರಕ್ತದಿಂದ ಕಪ್ಪಾಗಿರುತ್ತದೆ. ತಂದವರು ‘ನಾಯಿ ಹಿಡಿದಿರಬೇಕು ಡಾಕ್ಟ್ರೇ’ ಎನ್ನುತ್ತಾರೆ, ಇಲ್ಲವೇ ಮುಂಗುಸಿಯ ಮೇಲೆ ಹಾಕುತ್ತಾರೆ. ಮುಂಗುಸಿ ಕತ್ತಿಗೆ ಬಾಯಿ ಹಾಕುತ್ತದೆ, ಬೆನ್ನು ಸವರಿ ಬಿಟ್ಟುಹೋಗುವುದಿಲ್ಲ. ಇದು ನಿಮ್ಮದೇ ಮನೆಯ ಹುಂಜಗಳ ಕಾಲುಗುರಿನ ಕೆಲಸ.

ಕಳೆದ ವಾರ ಇಂಥದ್ದೇ ದೂರು ಬಂದ ಮನೆಗೆ ಬೆಳಗ್ಗೆ ಆರೂವರೆಗೆ, ಗೂಡಿನ ಬಾಗಿಲು ತೆಗೆಯುವ ಹೊತ್ತಿಗೇ ಹೋದೆ. ಆ ತಾಯಿ ಹಲಗೆ ಸರಿಸಿದ ಕೂಡಲೇ ಏಳು ಹುಂಜಗಳು ನುಗ್ಗಿ ಹೊರಬಂದವು. ಬಂದವು ಮೇಯಲು ಹೋಗಲಿಲ್ಲ, ಬಾಗಿಲ ಮುಂದೆಯೇ ನಿಂತವು. ಒಂದು ಬೂದು ಬಣ್ಣದ ಹೇಂಟೆ ತಲೆ ಹೊರಗಿಟ್ಟಿತು. ಮೂರು ಹುಂಜ ಒಟ್ಟಿಗೆ ಮೇಲೆ ಬಿದ್ದವು. ಒಂದು ಜುಟ್ಟು ಕಚ್ಚಿ ಹಿಡಿದಿತ್ತು, ಇನ್ನೊಂದು ಬೆನ್ನ ಮೇಲೆ ಕಾಲೂರಿ ಜಾರುತ್ತಿತ್ತು, ಮೂರನೆಯದು ಆ ಎರಡನ್ನೂ ಕುಕ್ಕುತ್ತಿತ್ತು. ಹೇಂಟೆ ಕಿರುಚಿಕೊಂಡು ಮತ್ತೆ ಗೂಡಿನೊಳಗೆ ಓಡಿತು. ಉಳಿದ ಹದಿಮೂರು ಕೂರುವ ಗಳದ ಮೇಲಿಂದ ಇಳಿಯಲೇ ಇಲ್ಲ.

‘ನೋಡಿ ಸಾರ್, ಬಿಟ್ರೂ ಈಚೆಗೆ ಬರಲ್ಲ. ಮೊಟ್ಟೇನೂ ನಿಂತೋಗಿದೆ. ಏನೋ ರೋಗ ಬಡಿದಿದೆ. ಒಂದು ಟಾನಿಕ್ ಬರ್ಕೊಡಿ.’

‘ಇಷ್ಟೊಂದು ಹುಂಜ ಯಾಕಮ್ಮ ಇಟ್ಕೊಂಡಿದ್ದೀರಿ?’

‘ಹೊಸತೊಡಕಿಗೆ ರೇಟು ಬರುತ್ತಲ್ಲ ಸಾರ್.’

ವರ್ಷವೂ ನಡೆಯುವ ತಪ್ಪು ಇದೇ. ಯುಗಾದಿಯ ಮರುದಿನ ನಾಟಿ ಹುಂಜಕ್ಕೆ ಒಳ್ಳೆಯ ಬೆಲೆ ಸಿಗುವುದು ನಿಜ. ಮಾರುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಮಾರುವ ಹುಂಜವನ್ನು ಅಲ್ಲಿಯವರೆಗೆ ಹೇಂಟೆಗಳ ನಡುವೆ ಬಿಡಬೇಡಿ ಎಂದು ಹೇಳುತ್ತಿದ್ದೇನೆ. ಲೆಕ್ಕ ಹಾಕಿ ನೋಡಿ. ಮೇದು ಬರುವ ಹುಂಜಕ್ಕೂ ದಿನಕ್ಕೆ 50 ಗ್ರಾಂ ಕಾಳು ಹಾಕುತ್ತೀರಿ. ಹೆಚ್ಚುವರಿ ಆರು ಹುಂಜಕ್ಕೆ ಮೂರು ತಿಂಗಳಿಗೆ 27 ಕಿಲೋ ಆಯಿತು. ಅತ್ತ ಹದಿನಾಲ್ಕು ಹೇಂಟೆ ಒಂದೊಂದು ಸರದಿ ತಪ್ಪಿಸಿದರೆ, ಸರದಿಗೆ ಹತ್ತು ಮೊಟ್ಟೆ ಎಂದರೂ 140 ಮೊಟ್ಟೆ ಹೋಯಿತು. ನಾಟಿ ಮೊಟ್ಟೆಯ ಬೆಲೆ ನಿಮಗೇ ಗೊತ್ತು. ಹೊಸತೊಡಕಿನ ಲಾಭದಲ್ಲಿ ಇದನ್ನು ಕಳೆದು ನೋಡಿದವರು ಯಾರೂ ನನಗೆ ಸಿಕ್ಕಿಲ್ಲ.

ಪ್ರಮಾಣ ಇಷ್ಟು: ನಾಟಿ ಕೋಳಿಯಲ್ಲಿ 10ರಿಂದ 12 ಹೇಂಟೆಗೆ ಒಂದು ಹುಂಜ. ಗಿರಿರಾಜದಂಥ ಭಾರದ ಜಾತಿಯಲ್ಲಿ 8 ಹೇಂಟೆಗೆ ಒಂದು. ಹದಿನಾಲ್ಕು ಹೇಂಟೆ ಇದ್ದರೂ ಒಂದೇ ಸಾಕು, ಎರಡನೆಯದನ್ನು ಇಪ್ಪತ್ತು ದಾಟಿದ ಮೇಲೆ ಯೋಚಿಸಿ. ಎರಡು ಇಡುವುದಾದರೆ ಒಟ್ಟಿಗೆ ಬೆಳೆದವನ್ನೇ ಇಡಿ. ಅವು ಚಿಕ್ಕಂದಿನಲ್ಲೇ ಮೇಲು ಕೆಳಗು ತೀರ್ಮಾನಿಸಿಕೊಂಡಿರುತ್ತವೆ. ಹುಂಜ ಹೆಚ್ಚಾದರೆ ಮರಿ ಹೆಚ್ಚು ಎಂಬ ಮಾತನ್ನು ಇನ್ನಾದರೂ ಬಿಡಿ. ಹುಂಜಗಳು ಹೆಚ್ಚಾದಷ್ಟೂ ಒಂದು ಮೇಲೇರಿದರೆ ಇನ್ನೊಂದು ತಳ್ಳುತ್ತದೆ, ಕೂಡುವುದು ಪೂರ್ತಿಯಾಗುವುದಿಲ್ಲ, ಕಾವಿಗಿಟ್ಟ ಮೊಟ್ಟೆಯಲ್ಲಿ ಬರಡು ಹೆಚ್ಚುತ್ತದೆ. ಒಮ್ಮೆ ಸರಿಯಾಗಿ ಕೂಡಿದರೆ ಹೇಂಟೆಯ ಒಡಲಲ್ಲಿ ವೀರ್ಯ ಹತ್ತರಿಂದ ಹದಿನಾಲ್ಕು ದಿನ ಜೀವಂತವಾಗಿರುತ್ತದೆ. ದಿನಕ್ಕೆ ಹತ್ತು ಸಲ ಮೇಲೆ ಬೀಳುವ ಅಗತ್ಯವೇ ಇಲ್ಲ. ಬರೀ ತಿನ್ನಲು, ಮಾರಲು ಮೊಟ್ಟೆ ಬೇಕಿದ್ದವರಿಗಂತೂ ಹುಂಜವೇ ಬೇಡ. ಹುಂಜವಿಲ್ಲದೆಯೂ ಹೇಂಟೆ ಅಷ್ಟೇ ಮೊಟ್ಟೆ ಇಡುತ್ತದೆ, ಬೇಸಿಗೆಯಲ್ಲಿ ಆ ಮೊಟ್ಟೆ ಹೆಚ್ಚು ದಿನ ತಾಳುತ್ತದೆ.

ಆದರೂ ಹಿತ್ತಿಲಲ್ಲಿ ಬಿಟ್ಟು ಸಾಕುವವರಿಗೆ ಒಂದು ಒಳ್ಳೆಯ ಹುಂಜ ಬೇಕೆಂದೇ ನಾನು ಹೇಳುತ್ತೇನೆ. ಹದ್ದು ಕಂಡರೆ ಒಂದು ಬಗೆ, ನಾಯಿ ಕಂಡರೆ ಇನ್ನೊಂದು ಬಗೆ ಕೂಗಿ ಎಚ್ಚರಿಸುತ್ತದೆ. ಆ ಮೊದಲ ಕೂಗಿಗೆ ಇಡೀ ಹಿಂಡು ಬೇಲಿ ಬುಡಕ್ಕೆ ಸೇರುವುದನ್ನು ನೀವೂ ನೋಡಿರುತ್ತೀರಿ. ಯಾವುದನ್ನು ಉಳಿಸಬೇಕು ಎಂದರೆ ಸಂಜೆ ಅಂಗಳಕ್ಕೆ ಹತ್ತು ಕಾಳು ಚೆಲ್ಲಿ. ಕಾಳನ್ನು ಕೊಕ್ಕಿನಲ್ಲೆತ್ತಿ ಕೆಳಗೆ ಬಿಟ್ಟು ಕೊಕ್ ಕೊಕ್ ಎಂದು ಹೇಂಟೆಗಳನ್ನು ಕರೆಯುವ ಹುಂಜವನ್ನು ಉಳಿಸಿಕೊಳ್ಳಿ. ತಾನೊಂದೇ ನುಂಗಿ, ಹತ್ತಿರ ಬಂದ ಹೇಂಟೆಯನ್ನು ಓಡಿಸುವುದನ್ನು ಮಾರಿಬಿಡಿ, ಅದರ ಬಣ್ಣ, ಜುಟ್ಟು ಎಷ್ಟೇ ಚೆನ್ನಾಗಿರಲಿ. ಎಂಟು ತಿಂಗಳಿಂದ ಮೂರು ವರ್ಷದೊಳಗಿನದು ಇರಲಿ. ತಂದೆಯ ಜಾಗಕ್ಕೆ ಅದೇ ಮನೆಯಲ್ಲಿ ಹುಟ್ಟಿದ ಮಗನನ್ನು ಬಿಡಬೇಡಿ. ಪಕ್ಕದೂರಿನವರ ಜೊತೆ ಬದಲಾಯಿಸಿಕೊಳ್ಳಿ.

ಇನ್ನು ಗಾಯಕ್ಕೆ. ಸೀಮೆಎಣ್ಣೆ, ಫಿನಾಯಿಲು, ಹೊಗೆಸೊಪ್ಪಿನ ಪುಡಿ, ಬೆಳೆಗೆ ಹೊಡೆದು ಉಳಿದ ಕೀಟನಾಶಕ, ಇವೆಲ್ಲ ಹಚ್ಚಿ ತಂದ ಕೋಳಿಗಳನ್ನು ನೋಡಿ ನೋಡಿ ಸಾಕಾಗಿದೆ. ಸುಟ್ಟ ಚರ್ಮಕ್ಕೆ ನಾನು ಏನು ಮಾಡಲಿ? ಗಾಯವಾದ ಹೇಂಟೆಯನ್ನು ಮೊದಲು ಮಂಕರಿಯಡಿ ಬೇರೆ ಮಾಡಿ. ಕೆಂಪು ಕಂಡರೆ ಉಳಿದ ಹೇಂಟೆಗಳೇ ಕುಕ್ಕಿ ಕುಕ್ಕಿ ಕೊಲ್ಲುತ್ತವೆ. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 1 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್ ಕರಗಿಸಿ ತೊಳೆಯಿರಿ. ಹರಳು ಪೂರ್ತಿ ಕರಗಿರಬೇಕು, ಕರಗದ ಹರಳು ಗಾಯಕ್ಕೆ ತಾಗಿದರೆ ಸುಡುತ್ತದೆ. ಒರೆಸಿ, 5% ಪೊವಿಡೋನ್ ಅಯೋಡಿನ್ ಮುಲಾಮನ್ನು ದಿನಕ್ಕೆ 2 ಸಲದಂತೆ 7 ದಿನ ತೆಳ್ಳಗೆ ಹಚ್ಚಿ. ನೊಣ ಕೂರದಂತೆ ಗಾಯದ ಸುತ್ತ ಬೇವಿನೆಣ್ಣೆ ಸವರಿ, ಗಾಯದೊಳಕ್ಕೆ ಬೇಡ. ಸೀಳು ಒಂದು ಅಂಗುಲ ಮೀರಿದ್ದರೆ ಅದೇ ದಿನ ಆಸ್ಪತ್ರೆಗೆ ತನ್ನಿ, ಹೊಲಿಗೆ ಹಾಕಬೇಕಾಗುತ್ತದೆ. ಮೂರು ದಿನ ಮನೆಮದ್ದು ಮಾಡಿ ಹುಳ ಬಿದ್ದ ಮೇಲೆ ತರಬೇಡಿ. ಆಂಟಿಬಯೋಟಿಕ್ ಬೇಕೋ ಬೇಡವೋ ಎಂಬುದನ್ನು ನಾವು ನೋಡಿ ಹೇಳುತ್ತೇವೆ. ಮೆಡಿಕಲ್ ಶಾಪಿನಲ್ಲಿ ಮನುಷ್ಯರ ಮಾತ್ರೆ ಕೇಳಿ ತಂದು ಅರೆದು ಹಾಕುವ ಅಭ್ಯಾಸ ನಿಲ್ಲಲಿ.

ಬೆನ್ನ ಗರಿ ಬೇಗ ಬರಲಿಲ್ಲ ಎಂದು ಗಾಬರಿಯಾಗಬೇಡಿ. ಬುಡ ಉಳಿದು ಮುರಿದ ಗರಿ, ಮುಂದಿನ ಸಲ ಗರಿ ಉದುರುವ ಕಾಲದವರೆಗೂ ಮತ್ತೆ ಬೆಳೆಯುವುದಿಲ್ಲ. ಅಲ್ಲಿಯವರೆಗೆ ಹುಂಜದ ಜೊತೆ ಬಿಡಲೇಬೇಕಿದ್ದರೆ, ಹಳೆಯ ಜೀನ್ಸ್ ಬಟ್ಟೆಯ ತುಂಡನ್ನು ಬೆನ್ನಿಗೆ ಹೊದಿಸಿ ಎರಡು ರೆಕ್ಕೆಯ ಬುಡಕ್ಕೆ ಅಗಲ ಎಲಾಸ್ಟಿಕ್ ಹಾಕಿ. ವಾರಕ್ಕೊಮ್ಮೆ ತೆಗೆದು ಅಡಿಯಲ್ಲಿ ಹೇನು ನೋಡಿ.

ಹೇನಿದ್ದರೆ ಮೊದಲು ಗೂಡಿಗೆ ಔಷಧ. ಕೋಳಿಗಳನ್ನು ಹೊರಬಿಟ್ಟು, 1.25% ಡೆಲ್ಟಾಮೆಥ್ರಿನ್ 2 ಮಿ.ಲೀ.ಯನ್ನು 1 ಲೀಟರ್ ನೀರಿಗೆ ಬೆರೆಸಿ ಗೂಡಿನ ಸಂದು, ಗಳದ ಅಡಿಗೆ ಸಿಂಪಡಿಸಿ. ಪೂರ್ತಿ ಒಣಗಿದ ಮೇಲೆ, ಸಂಜೆ ಕೋಳಿ ಸೇರಿಸಿ. 10 ದಿನಕ್ಕೆ ಇನ್ನೊಮ್ಮೆ. ಕೋಳಿಗೆ ಒಲೆಯ ಬೂದಿ, ಮರಳು ಸಮ ಬೆರೆಸಿದ ಒಂದು ಗುಂಡಿ ಸಾಕು, ಅದೇ ಹೊರಳಾಡಿಕೊಳ್ಳುತ್ತದೆ.

ಹೊಸತೊಡಕಿಗೆ ಮೀಸಲಿಟ್ಟ ಹುಂಜಗಳಿಗೆ ಬೇರೆ ಜಾಗ ಮಾಡಿ. ಮೂರು ತಿಂಗಳಿಗೆಲ್ಲ ಜುಟ್ಟು ಕೆಂಪಾಗಿ ಹೇಂಟೆ ಯಾವುದು ಹುಂಜ ಯಾವುದು ಗೊತ್ತಾಗುತ್ತದೆ. ಮೊದಲ ಕೂಗು ಕೇಳಿದ ದಿನವೇ ಬೇರೆ ಮಾಡಿ, ಆರನೆಯ ತಿಂಗಳವರೆಗೆ ಕಾಯಬೇಡಿ. ಹಳೆಯ ದನದ ಕೊಟ್ಟಿಗೆಯ ಮೂಲೆಯಾದರೂ ಸರಿ, ಒಂದಕ್ಕೆ 3 ಚದರಡಿ ಲೆಕ್ಕದಲ್ಲಿ ಬಲೆ ಕಟ್ಟಿ. ಮುಖ್ಯವಾದುದು, ಅಲ್ಲಿಂದ ಹೇಂಟೆಗಳು ಕಾಣಬಾರದು. ಹೇಂಟೆ ಕಾಣದ ಕಡೆ ಒಟ್ಟಿಗೆ ಬೆಳೆದ ಹುಂಜಗಳು ತಣ್ಣಗಿರುತ್ತವೆ. ಒಂದು ಹೇಂಟೆ ಒಳಗೆ ನುಸುಳಿದರೆ ಅದೇ ದಿನ ರಕ್ತ ಹರಿಯುತ್ತದೆ. ಇದಕ್ಕೆ ಉದ್ದದ ವಿವರಣೆ ಇದೆ, ನಿಮಗೆ ಅದು ಬೇಡ, ಬಲೆ ಕಟ್ಟಿದರೆ ಸಾಕು.

ಬಲೆ ಕಟ್ಟುವ ಬದಲು ಕಾಲಿಗೆ ನೈಲಾನ್ ದಾರ ಬಿಗಿದು ಗೂಟಕ್ಕೆ ಕಟ್ಟುತ್ತೀರಿ. ದಾರ ಚರ್ಮ ಕೊಯ್ದು ಮೂಳೆಯವರೆಗೆ ಇಳಿದ, ಪಾದ ಊದಿ ಕಪ್ಪಾದ ಹುಂಜವನ್ನು ಈ ತಿಂಗಳಲ್ಲೇ ನೋಡಿದ್ದೇನೆ. ಅದಕ್ಕೆ ಹೊಸತೊಡಕಿನ ರೇಟು ಎಲ್ಲಿಂದ ಬರಬೇಕು? ಒಂದೆರಡು ದಿನಕ್ಕೆ ಕಟ್ಟಲೇಬೇಕಿದ್ದರೆ ಎರಡು ಬೆರಳಗಲದ ಹಳೆಯ ಸೀರೆಯ ಪಟ್ಟಿ ಬಳಸಿ, ದಿನವೂ ಕಾಲು ಬದಲಿಸಿ, ನೆರಳು ನೀರು ಎಟುಕುವಂತಿರಲಿ.

ಹಿಂಡಿನಲ್ಲಿ ಕುಕ್ಕಾಟಕ್ಕೆ ಇನ್ನೊಂದು ಕಾರಣ ಕಾಳು ಹಾಕುವ ರೀತಿ. ಒಂದೇ ಕಡೆ ಸುರಿದರೆ ಬಲವಾದವು ತಿನ್ನುತ್ತವೆ, ಕೆಳಗಿನವು ಬೇಲಿಯ ಹತ್ತಿರ ನಿಂತು ನೋಡುತ್ತವೆ. ಮೂರು ಕಡೆ, ಹತ್ತು ಹತ್ತು ಹೆಜ್ಜೆ ದೂರದಲ್ಲಿ ಚೆಲ್ಲಿ. ಮನೆಯಲ್ಲಿ ಬೆರೆಸುವ ಹಿಟ್ಟಿಗೆ 1 ಕಿಲೋಗೆ 3 ಗ್ರಾಂ ಉಪ್ಪು ಇರಲಿ, ಉಪ್ಪು ಕಡಿಮೆಯಾದರೂ ಗರಿ ಕಿತ್ತು ತಿನ್ನುತ್ತವೆ. ಹಾಗೆಂದು ಬೊಗಸೆಯಲ್ಲಿ ಹಾಕಬೇಡಿ, ಹೆಚ್ಚಾದರೆ ವಿಷ. ರಾತ್ರಿ ಕೂರುವ ಗಳ ಒಂದು ಕೋಳಿಗೆ ಒಂದು ಗೇಣಿನಷ್ಟು ಉದ್ದ ಸಿಗಬೇಕು, ಎಲ್ಲವೂ ಒಂದೇ ಎತ್ತರದಲ್ಲಿರಲಿ. ಎತ್ತರ ತಗ್ಗು ಮಾಡಿದರೆ ಮೇಲಿನ ಜಾಗಕ್ಕೆ ಪ್ರತಿ ಸಂಜೆ ಜಗಳ.

ಸಂತೆಯಿಂದ ಹೊಸ ಹುಂಜ ತಂದು ನೇರ ಹಿಂಡಿಗೆ ಬಿಡುವವರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಜಗಳದ ಜೊತೆ ಕೊಕ್ಕರೆ ರೋಗವೂ ಮನೆಗೆ ಬರುವುದು ಹೀಗೆಯೇ. ತಂದ ಹುಂಜವನ್ನು 21 ದಿನ ಬೇರೆ ಇಡಿ, ನೀರಿನ ಪಾತ್ರೆಯೂ ಬೇರೆ. ಮನೆಯ ಕೋಳಿಗಳಿಗೆ ಮೇವು ಹಾಕಿದ ಮೇಲೆ ಕೊನೆಗೆ ಅದರ ಹತ್ತಿರ ಹೋಗಿ, ಕೈಕಾಲು ತೊಳೆಯಿರಿ. 3ನೇ ದಿನ ಜಂತುಹುಳು ಔಷಧ: 2.5% ಅಲ್ಬೆಂಡಜೋಲ್ ದ್ರವ, ಕಿಲೋ ತೂಕಕ್ಕೆ 0.4 ಮಿ.ಲೀ. ಎರಡು ಕಿಲೋ ಹುಂಜಕ್ಕೆ 0.8 ಮಿ.ಲೀ., ಸಿರಿಂಜಿನಲ್ಲಿ ಅಳೆದು. ಕುರಿಗೆ ಕುಡಿಸಿ ಉಳಿದ ಬಾಟಲಿಯಿಂದ ಮುಚ್ಚಳದಲ್ಲಿ ಅಂದಾಜಿಗೆ ಹಾಕುವುದು ಬೇಡ. ಆರೋಗ್ಯವಾಗಿದ್ದರೆ 10ನೇ ದಿನ ಕೊಕ್ಕರೆ ರೋಗದ ಆರ್‌ಟುಬಿ ಲಸಿಕೆ, 0.5 ಮಿ.ಲೀ., ರೆಕ್ಕೆಯ ಕೆಳಗೆ ಚರ್ಮದಡಿ. ಮನೆಯಲ್ಲಿ ಹುಟ್ಟಿದ ಮರಿಗಳಿಗೆ 7ನೇ ದಿನ ಅದೇ ರೋಗದ ಲಸೋಟಾ ಲಸಿಕೆ ಒಂದು ಹನಿ ಕಣ್ಣಿಗೆ, 28ನೇ ದಿನ ಮತ್ತೊಮ್ಮೆ, 8ನೇ ವಾರಕ್ಕೆ ಆರ್‌ಟುಬಿ. ಆರು ವಾರದೊಳಗಿನ ಮರಿಗೆ ಆರ್‌ಟುಬಿ ಚುಚ್ಚಬೇಡಿ, ಲಸಿಕೆಯೇ ಕಾಯಿಲೆ ತರುತ್ತದೆ. ಲಸಿಕೆ ಐಸ್ ಜೊತೆ ಫ್ಲಾಸ್ಕಿನಲ್ಲಿ ಬರಬೇಕು, ಕಲಸಿದ ಮೇಲೆ 2 ಗಂಟೆಯೊಳಗೆ ಮುಗಿಯಬೇಕು. ಜೇಬಿನಲ್ಲಿಟ್ಟು ಬೈಕಿನಲ್ಲಿ ತಂದ ಲಸಿಕೆ ನೀರಿಗೆ ಸಮ.

21 ದಿನ ಮುಗಿದ ಮೇಲೂ ಹಗಲು ಬಿಡಬೇಡಿ. ಹಳೆಯ ಹುಂಜವನ್ನು ಮೊದಲು ಹೊರಗೆ ಸಾಗಿಸಿ. ಹೊಸದನ್ನು ನಾಲ್ಕು ದಿನ ಬಲೆಯೊಳಗೆ, ಹೇಂಟೆಗಳಿಗೆ ಕಾಣುವಂತೆ ಇಟ್ಟು, ಐದನೆಯ ರಾತ್ರಿ ಕತ್ತಲಲ್ಲಿ ಗಳದ ಮೇಲೆ ಕೂರಿಸಿ. ಮೂರು ವಾರದ ನಂತರ ಇಟ್ಟ ಮೊಟ್ಟೆಗಳನ್ನೇ ಕಾವಿಗೆ ಆರಿಸಿ, ಅದಕ್ಕೆ ಮೊದಲಿನವು ಹಳೆಯ ಹುಂಜದವೇ ಆಗಿರಬಹುದು. ಪಂದ್ಯದ ತಳಿಯ ಹುಂಜವನ್ನು ಹಿತ್ತಿಲಿಗೆ ತರಬೇಡಿ. ಕೋಳಿ ಪಂದ್ಯ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ, ಅದು ಒಂದು ಮಾತು. ಆ ರಕ್ತದ ಮರಿಗಳು ಎರಡು ತಿಂಗಳಿಗೇ ಒಂದನ್ನೊಂದು ಹರಿದುಹಾಕುತ್ತವೆ, ಅದು ಇನ್ನೊಂದು.

ಮನುಷ್ಯರ ಮೇಲೆ ಹಾರುವ ಹುಂಜವನ್ನು ಮನೆಯಲ್ಲಿ ಮಕ್ಕಳಿದ್ದರೆ ಇಟ್ಟುಕೊಳ್ಳಲೇಬೇಡಿ. ಮಗುವಿನ ಮುಖದ ಎತ್ತರಕ್ಕೆ ಅದರ ಕಾಲಿನ ಮುಳ್ಳು ಎಟುಕುತ್ತದೆ, ಕಣ್ಣು ಹೋದರೆ ತರಲಾಗುವುದಿಲ್ಲ. ಒದ್ದರೆ, ಕೋಲಿನಲ್ಲಿ ಹೊಡೆದರೆ ಅದು ನಿಮ್ಮನ್ನೂ ಇನ್ನೊಂದು ಹುಂಜವೆಂದೇ ತಿಳಿದು ಮರುದಿನ ಕಾದು ನಿಲ್ಲುತ್ತದೆ. ಉಳಿದ ಹುಂಜಗಳ ಮುಳ್ಳಿನ ತುದಿಯನ್ನು ಅರದಿಂದ ಕಾಲು ಭಾಗ ಉಜ್ಜಿ ಮೊಂಡು ಮಾಡಿ. ಅದಕ್ಕಿಂತ ಒಳಗೆ ರಕ್ತನಾಳವಿದೆ.

ಉಚಿತ ಮರಿ ಕೊಡುವ ಯೋಜನೆಗಳ ಬಗ್ಗೆ ಬರೆಯಿರಿ ಎಂದು ಹಲವರು ಕೇಳಿದ್ದಾರೆ. ಹೆಣ್ಣು ಗಂಡು ಬೇರ್ಪಡಿಸದ ಮರಿ ಕೊಟ್ಟರೆ ಅರ್ಧ ಹುಂಜವೇ ಬೆಳೆಯುತ್ತವೆ. ಒಂದೂಕಾಲು ಕಿಲೋ ತೂಗುವ ನಾಟಿ ಹೇಂಟೆಗಳ ನಡುವೆ ಮೂರು ಕಿಲೋ ಮೀರಿದ ಗಿರಿರಾಜ ಹುಂಜ ಬಿಟ್ಟರೆ ಬೆನ್ನು ಉಳಿಯುವುದಿಲ್ಲ. ಹೆಬ್ಬಾಳದಲ್ಲಿ ರೂಪುಗೊಂಡ ಆ ತಳಿ ಒಳ್ಳೆಯದೇ, ಆದರೆ ಅದನ್ನು ಬೇರೆಯಾಗಿಯೇ ಸಾಕಬೇಕು. ಮರಿ ಸಿಕ್ಕಿತೆಂದು ತರುವ ಮೊದಲು ಬೇರೆ ಗೂಡು ಇದೆಯೇ ನೋಡಿಕೊಳ್ಳಿ. ಅದರಾಚೆಗೆ ಆ ಯೋಜನೆಗಳ ಬಗ್ಗೆ ಹೇಳುವುದು ನನ್ನಲ್ಲಿ ಏನೂ ಇಲ್ಲ.

ಇವತ್ತು ರಾತ್ರಿ ಎಂಟು ಗಂಟೆಗೆ, ಕೋಳಿಗಳು ಗಳ ಹತ್ತಿದ ಮೇಲೆ, ಟಾರ್ಚ್ ಹಿಡಿದು ಗೂಡಿಗೆ ಹೋಗಿ. ಹುಂಜ ಎಷ್ಟು, ಹೇಂಟೆ ಎಷ್ಟು ಎಣಿಸಿ. ಪ್ರತಿ ಹೇಂಟೆಯ ರೆಕ್ಕೆ ಮೆಲ್ಲಗೆ ಎತ್ತಿ ಬುಡದ ಚರ್ಮ ನೋಡಿ, ಗರಿಯ ಅಡಿ ಮುಚ್ಚಿದ ಸೀಳು ಹಗಲಲ್ಲಿ ಕಾಣುವುದಿಲ್ಲ. ಹೆಚ್ಚಾದ ಹುಂಜಗಳನ್ನು ಆಗಲೇ, ಕತ್ತಲಲ್ಲೇ ಎತ್ತಿ ಬೇರೆ ಮಾಡಿ, ಆ ಹೊತ್ತಿನಲ್ಲಿ ಅವು ಸದ್ದಿಲ್ಲದೆ ಕೈಗೆ ಬರುತ್ತವೆ. ಗಾಯ ಕಂಡವನ್ನು ಮಂಕರಿಯಲ್ಲಿಟ್ಟು ಬೆಳಗ್ಗೆ ಒಂಬತ್ತರೊಳಗೆ ಆಸ್ಪತ್ರೆಗೆ ತನ್ನಿ.