ಹಳೆ ಕಂಪ್ಯೂಟರಿಗೆ ಸರ್ವರ್ ಹಾಕುವ ಮುನ್ನ

ಮಂಗಳವೇಢೆ, ಅಕ್ಕಲಕೋಟೆ ಕಡೆಯ ಗೆಳೆಯರೇ, 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಬೆಂಬಲ ಮುಗಿಯಿತೆಂದು ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ. 64 ಬಿಟ್ ಯಂತ್ರವಾದರೆ ವಿಂಡೋಸ್ ಬದಲು ಉಬುಂಟು ಸರ್ವರ್ 24.04 ಹಾಕಿ. ಮನೆಮಂದಿಯ ಫೋಟೊ, ಮಕ್ಕಳ ಕನ್ನಡ ಪಾಠದ ಪಿಡಿಎಫ್ ಎಲ್ಲಕ್ಕೂ ಅದೇ ಉಗ್ರಾಣ. 2029ರವರೆಗೆ ಅಪ್‌ಡೇಟೂ ಪುಕ್ಕಟೆ.

ಒಂದೇ ಎಚ್ಚರ. ಇನ್‌ಸ್ಟಾಲ್ ಮಾಡುವಾಗ ‘ಯೂಸ್ ಆ್ಯನ್ ಎಂಟೈರ್ ಡಿಸ್ಕ್’ ಎಂಬ ಸಾಲು ಮೊದಲೇ ಗುರುತಾಗಿರುತ್ತದೆ. ಓದದೆ ಒಪ್ಪುತ್ತ ಹೋದರೆ ಆ ಡಿಸ್ಕಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಹೀಗಾಗಿ ಮೊದಲು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಇನ್‌ಸ್ಟಾಲಿನಲ್ಲೇ ಮುಂದೆ ಬರುವ ‘ಓಪನ್‌ಎಸ್‌ಎಸ್‌ಎಚ್’ಗೆ ಗುರುತು ಹಾಕಿದರೆ ಸರ್ವರನ್ನು ಇನ್ನೊಂದು ಕಂಪ್ಯೂಟರಿನಿಂದಲೇ ನಡೆಸಬಹುದು. ಕೊನೆಗೆ ಕಪ್ಪು ತೆರೆಯ ಮೇಲೆ ಬರೀ ಲಾಗಿನ್ ಸಾಲು ಕಂಡರೆ ಗಾಬರಿ ಬೇಡ. ಸರ್ವರ್ ಇರುವುದೇ ಹಾಗೆ. ಕರೆಂಟು ಹೋದಾಗ ಕಡತ ಕೆಡದಂತೆ ಚಿಕ್ಕದೊಂದು ಯುಪಿಎಸ್ ಇಡಿ.