ಮಾದಾವರದಲ್ಲಿ ಇಳಿಯಿರಿ, ಮೆಟ್ರೊ ಹತ್ತಿ

ನೆಲಮಂಗಲದ ಕಡೆಯಿಂದ ಬೆಂಗಳೂರಿಗೆ ಬರುವವರ ದಣಿವೆಲ್ಲ ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯದ ಟ್ರಾಫಿಕ್‌ನದ್ದೇ. ನಾಗಸಂದ್ರಕ್ಕೇ ನಿಂತುಬಿಡುತ್ತಿದ್ದ ಮೆಟ್ರೊ ಹಸಿರು ಮಾರ್ಗ 2024ರ ನವೆಂಬರ್ 7ರಿಂದ ಮಂಜುನಾಥ ನಗರ, ಚಿಕ್ಕಬಿದರಕಲ್ಲು ದಾಟಿ ಮಾದಾವರ ಮುಟ್ಟಿದೆ. ವಿಸ್ತರಣೆ ಮೂರು ಕಿ.ಮೀ. ಚಿಲ್ಲರೆ ಅಷ್ಟೇ. ಆದರೆ ಊರ ಹೊರಗೇ ಬಸ್ ಇಳಿಯಬಹುದೆಂಬುದು ದೊಡ್ಡ ಅನುಕೂಲ.

ಬಸ್ ಹತ್ತುವಾಗಲೇ ಕಂಡಕ್ಟರ್ ಹತ್ತಿರ ಕೇಳಿಕೊಳ್ಳಿ: ಮಾದಾವರದಲ್ಲಿ ನಿಲ್ಲಿಸುತ್ತೀರಾ? ಹೆದ್ದಾರಿಯ ನಡುವಿನ ಪಥದಲ್ಲೇ ಸಾಗುವ ದೂರದ ಬಸ್ಸುಗಳು ನಿಲ್ಲದಿರಬಹುದು. ಸರ್ವಿಸ್ ರಸ್ತೆಯಲ್ಲಿ ಬರುವ ಬಸ್ ಆದರೆ ಸಲೀಸು. ಬಿಐಇಸಿ ವಸ್ತುಪ್ರದರ್ಶನ ಕೇಂದ್ರ ಕಂಡಿತೆಂದರೆ ನಿಲ್ದಾಣ ಬಂತೆಂದೇ ಲೆಕ್ಕ.

ಅಪರೂಪಕ್ಕೆ ಬರುವವರಿಗೆ ಟೋಕನ್ ಸಾಕು. ವಾರಕ್ಕೊಮ್ಮೆಯಾದರೂ ಬರುವವರು ಸ್ಮಾರ್ಟ್ ಕಾರ್ಡ್ ಮಾಡಿಸಿಕೊಳ್ಳುವುದೇ ಸರಿ. 2025ರ ಫೆಬ್ರುವರಿಯಲ್ಲಿ ಪರಿಷ್ಕರಿಸಿದ ದರದಂತೆ ಕನಿಷ್ಠ 10 ರೂಪಾಯಿ, ಗರಿಷ್ಠ 90. ಕಾರ್ಡ್ ಇದ್ದರೆ ಶೇ 5 ರಿಯಾಯಿತಿ. ವಾರದ ದಿನಗಳಲ್ಲಿ ಬೆಳಗ್ಗೆ 8ಕ್ಕೆ ಮೊದಲು, ಮಧ್ಯಾಹ್ನ 12ರಿಂದ 4ರವರೆಗೆ ಅಥವಾ ರಾತ್ರಿ 9ರ ನಂತರ ಒಳಹೋದರೆ ಅದು ಶೇ 10 ಆಗುತ್ತದೆ. ಭಾನುವಾರ ಇಡೀ ದಿನ ಶೇ 10. ಕಾರ್ಡ್‌ನಲ್ಲಿ 90 ರೂಪಾಯಿಯಾದರೂ ಇರಬೇಕು, ಇಲ್ಲದಿದ್ದರೆ ಗೇಟ್ ತೆರೆಯದು.

ಗೇಟ್ ಬಳಿ ಹಿರಿಯರು ಗಲಿಬಿಲಿಗೊಳ್ಳುವುದು ಸಹಜ. ಒಳಹೋಗುವಾಗ ಟೋಕನ್ ಅನ್ನು ಗೇಟಿನ ಮೇಲೆ ಮುಟ್ಟಿಸಿ ಜೋಪಾನವಾಗಿ ಇಟ್ಟುಕೊಳ್ಳಬೇಕು. ಇಳಿದ ಮೇಲೆ ಅದನ್ನು ಗೇಟಿನ ಕಿಂಡಿಗೆ ಹಾಕಿದರೆ ಬಾಗಿಲು ತೆರೆಯುತ್ತದೆ. ಒಂದು ಕಾರ್ಡ್‌ಗೆ ಒಬ್ಬರೇ. ಅಮ್ಮನನ್ನೋ ಅಜ್ಜನನ್ನೋ ಕರೆತಂದಿದ್ದರೆ ಅವರನ್ನು ಮುಂದೆ ಬಿಟ್ಟು ನೀವು ಹಿಂದೆ ದಾಟಿ.

ಇನ್ನು ಎಲ್ಲಿ ಇಳಿಯಬೇಕು? ರೈಲು ಹಿಡಿಯುವವರಿಗೆ ಯಶವಂತಪುರ. ವಿಕ್ಟೋರಿಯಾ, ವಾಣಿವಿಲಾಸ ಆಸ್ಪತ್ರೆಗೆ ಕೆ.ಆರ್. ಮಾರ್ಕೆಟ್. ವೈಟ್‌ಫೀಲ್ಡ್ ಅಥವಾ ಚಲ್ಲಘಟ್ಟದ ಕಡೆಗೆ ಹೋಗುವವರು ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಗಬೇಕು. ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗುವವರು ಇದನ್ನು ನೆನಪಿಡಿ: 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಆರ್.ವಿ. ರಸ್ತೆ ನಿಲ್ದಾಣದಲ್ಲಿ ಸಿಗುತ್ತದೆ. ಅಲ್ಲಿ ಬದಲಾಯಿಸಿದರೆ ರಾಗಿಗುಡ್ಡದ ನಂತರದ್ದೇ ಜಯದೇವ ನಿಲ್ದಾಣ. ಎಲೆಕ್ಟ್ರಾನಿಕ್ ಸಿಟಿಗೂ ಇದೇ ರೈಲು. ಮಾರ್ಗ ಬದಲಾಯಿಸುವಾಗ ಹೊಸ ಟಿಕೆಟ್ ಬೇಡ, ಗೇಟ್ ದಾಟಿ ಹೊರಗೂ ಹೋಗಬೇಡಿ. ಹಳದಿ ಮಾರ್ಗದಲ್ಲಿ ಒಂದು ರೈಲು ತಪ್ಪಿದರೆ ಮುಂದಿನದಕ್ಕೆ ಹೆಚ್ಚು ಕಾಯಬೇಕಾದೀತು. ವೈದ್ಯರನ್ನು ಕಾಣುವ ಸಮಯಕ್ಕೆ ಅರ್ಧ ಗಂಟೆ ಬಿಡುವಿಟ್ಟುಕೊಂಡೇ ಹೊರಡಿ.

ಒಂದು ಮಾತು ಹೇಳಲೇಬೇಕು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಮೆಟ್ರೊಗೆ ಅನ್ವಯಿಸದು. ಸಮಯದ ಅವಸರವಿಲ್ಲದ ಹೆಣ್ಣುಮಕ್ಕಳಿಗೆ ಬಸ್ಸೇ ಲಾಭ. ಗಂಟೆಗೆ ಸರಿಯಾಗಿ ಕಾಲೇಜು, ಕೆಲಸ, ಆಸ್ಪತ್ರೆ ಸೇರಬೇಕಾದವರಿಗೆ ಮೆಟ್ರೊ ಕೊಟ್ಟ ಹಣಕ್ಕೆ ಮೋಸವಿಲ್ಲ.

ಸಂಜೆ ಮರಳುವಾಗ ರೈಲಿನ ಫಲಕದಲ್ಲಿ ಕೊನೆಯ ನಿಲ್ದಾಣದ ಹೆಸರು ನೋಡಿಯೇ ಹತ್ತಿ. ‘ಮಾದಾವರ’ ಎಂದಿಲ್ಲದಿದ್ದರೆ ಮುಂದಿನ ರೈಲಿಗೆ ಕಾಯಿರಿ. ಮಾದಾವರದಿಂದ ನಿಮ್ಮೂರಿಗೆ ಕೊನೆಯ ಬಸ್ ಎಷ್ಟು ಹೊತ್ತಿಗೆಂದು ಬೆಳಗ್ಗೆಯೇ ಕೇಳಿಟ್ಟುಕೊಳ್ಳಿ.