ಲಾನ್ ಕೆಲಸದ ಬಾಕಿ ಹಣ: ಕಾಯ್ದೆ ನಿಮ್ಮ ಕಡೆಗಿದೆ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಲಾನ್ ನೋಡಿಕೊಳ್ಳುವ ಸಣ್ಣ ಗುತ್ತಿಗೆದಾರರ ಬಂಡವಾಳ ಹೆಚ್ಚೆಂದರೆ ಒಂದು ಹುಲ್ಲು ಕತ್ತರಿಸುವ ಮೆಷಿನ್, ಒಂದು ಬ್ರಷ್ ಕಟರ್, ಇಬ್ಬರು ಮೂವರು ಆಳುಗಳು. ಒಪ್ಪಂದ ಬಾಯಿಮಾತಿನದು. ಬಿಲ್ ಎಂದರೆ ತಿಂಗಳ ಕೊನೆಗೆ ಕಳಿಸುವ ವಾಟ್ಸ್‌ಆ್ಯಪ್ ಮೆಸೇಜು. ದುಡ್ಡು ಕೇಳಿದರೆ ‘ಕಮಿಟಿ ಮೀಟಿಂಗ್ ಆಗಲಿ’ ಎಂಬ ಉತ್ತರ. ಮೂರು ನಾಲ್ಕು ತಿಂಗಳ ಬಾಕಿ ಹೊತ್ತುಕೊಂಡೇ ಆಳುಗಳಿಗೆ ಸಾಲ ಮಾಡಿ ಕೂಲಿ ಕೊಡುವವರಿದ್ದಾರೆ. ಅವರು ಇದನ್ನು ಸಹಿಸಬೇಕಾಗಿಲ್ಲ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಕಾರ್ಖಾನೆಗಳಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಅದು ಸೇವೆಗಳಿಗೂ ಅನ್ವಯಿಸುತ್ತದೆ, ತೋಟ ನಿರ್ವಹಣೆಯೂ ಸೇವೆಯೇ. ಈ ಕಾಯ್ದೆಯ ರಕ್ಷಣೆಗೆ ಬೇಕಾದದ್ದು ‘ಉದ್ಯಮ್’ ನೋಂದಣಿ. ಆಧಾರ್, ಪ್ಯಾನ್ ಇದ್ದರೆ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತವಾಗಿ ಆಗುತ್ತದೆ. ಸಾವಿರಾರು ರೂಪಾಯಿ ಕೇಳುವ ಏಜೆಂಟರ ಹಂಗು ಬೇಡ. ಗುತ್ತಿಗೆ ಹಿಡಿಯುವ ಮೊದಲೇ ನೋಂದಾಯಿಸಿಕೊಳ್ಳಿ. ಬಾಕಿ ನಿಂತ ಮೇಲೆ ಮಾಡಿಸಿದರೆ ಹಳೆಯ ಬಾಕಿಗೆ ಈ ರಕ್ಷಣೆ ಸಿಗುವುದು ಕಷ್ಟ.

ಹಣ ಕೊಡುವ ಗಡುವನ್ನು ಲಿಖಿತ ಒಪ್ಪಂದದಲ್ಲಿ ಹೇಳಿದ್ದರೆ ಆ ದಿನದೊಳಗೆ ಕೊಡಬೇಕು, ಆದರೆ ಯಾವ ಒಪ್ಪಂದದ ಗಡುವೂ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ ಶೇ. 6 ಎಂದು ಹಿಡಿದರೆ ಬಡ್ಡಿ ಶೇ. 18 ಆಯಿತು. ಇನ್ನೊಂದು ಅಂಶ ಬಹಳ ಜನರಿಗೆ ಗೊತ್ತಿಲ್ಲ. ಕೆಲಸ ಸರಿಯಿಲ್ಲ ಎನ್ನುವವರು 15 ದಿನದೊಳಗೆ ಬರವಣಿಗೆಯಲ್ಲಿ ಆಕ್ಷೇಪ ಎತ್ತಬೇಕು. ಎತ್ತದಿದ್ದರೆ ಕೆಲಸ ಒಪ್ಪಿಕೊಂಡಂತೆಯೇ. ಹಣ ಕೇಳಿದಾಗ ಥಟ್ಟನೆ ನೆನಪಾಗುವ ‘ಮೂಲೆಯಲ್ಲಿ ಹುಲ್ಲು ಹಳದಿಯಾಗಿತ್ತಲ್ಲ’ ಎಂಬ ತಕರಾರಿಗೆ ಇದು ಉತ್ತರ. ಹಾಗಾಗಿ ಕೆಲಸ ಮುಗಿದ ದಿನವೇ ತಾರೀಖಿರುವ ಫೋಟೊ, ಮ್ಯಾನೇಜರ್ ಸಹಿ, ಉದ್ಯಮ್ ಸಂಖ್ಯೆ ನಮೂದಿಸಿದ ಬಿಲ್ ಈ ಮೂರೂ ಕೈಯಲ್ಲಿರಲಿ.

ಅಷ್ಟಾದರೂ ಹಣ ಬರದಿದ್ದರೆ ರಾಜ್ಯದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಮೊದಲು ರಾಜಿ ಸಂಧಾನ, ಆಗದಿದ್ದರೆ ಪಂಚಾಯ್ತಿಕೆ. ಮಂಡಳಿಯ ತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಹಣ ಕೊಡಬೇಕಾದವರು ಶೇ. 75ರಷ್ಟು ಮೊತ್ತ ಮೊದಲೇ ಠೇವಣಿ ಇಡಬೇಕು. ನನ್ನ ಪ್ರಕಾರ ಸಣ್ಣವರಿಗೆ ಈ ಕಾಯ್ದೆ ಕೊಟ್ಟಿರುವ ದೊಡ್ಡ ಬಲ ಇದೇ.

ಇನ್ನು ಲಿಖಿತ ಒಪ್ಪಂದದ ವಿಷಯ. ಅದು ಒಂದು ಪುಟದ್ದಾದರೂ ಸಾಕು, ಆದರೆ ನೀರಿನ ಮಾತು ಅದರಲ್ಲಿರಲೇಬೇಕು. 2024ರ ಬೇಸಿಗೆಯಲ್ಲಿ, ಮತ್ತೆ 2025ರಲ್ಲಿ, ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಿಡುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಪೈಪ್ ಹಿಡಿದು ನಿಲ್ಲುವವರು ನಿಮ್ಮ ಆಳುಗಳು. ಕೊಳಚೆನೀರು ಶುದ್ಧೀಕರಣ ಘಟಕದ (ಎಸ್‌ಟಿಪಿ) ಶುದ್ಧೀಕರಿಸಿದ ನೀರನ್ನು ಅಸೋಸಿಯೇಷನ್ ಒದಗಿಸಬೇಕು, ನೀರಿಲ್ಲದೆ ಹುಲ್ಲು ಒಣಗಿದರೆ ಗುತ್ತಿಗೆದಾರ ಹೊಣೆಯಲ್ಲ ಎಂದು ಬರೆಸಿಕೊಳ್ಳಿ. ಲಾನಿಗೆ ನೆರಳಾಗುತ್ತದೆಂದು ಮರ ಕಡಿಯಲು ಹೇಳಿದರೆ ಕೊಡಲಿ ಎತ್ತಬೇಡಿ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಡಿ ಮರ ಅಧಿಕಾರಿಯ ಅನುಮತಿ ಬೇಕು. ಅನುಮತಿಪತ್ರ ತೋರಿಸಲು ಹೇಳಿ.

ಕೊನೆಗೆ ತೆರಿಗೆಯ ಮಾತು. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನೋಂದಣಿ ಇಲ್ಲದವರು ಬಿಲ್‌ನಲ್ಲಿ ಜಿಎಸ್‌ಟಿ ವಸೂಲಿ ಮಾಡುವಂತೆಯೂ ಇಲ್ಲ. ಬಿಲ್‌ನಿಂದ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದಿದ್ದರೆ, ವ್ಯಕ್ತಿಗತ ಗುತ್ತಿಗೆದಾರರಿಗೆ ಅದು ಶೇ. 1 ಮಾತ್ರ. ಪ್ಯಾನ್ ಕೊಡದಿದ್ದರೆ ಶೇ. 20 ಕಡಿತವಾಗುತ್ತದೆ. ಹಿಡಿದ ಹಣ ನಿಮ್ಮ ಹೆಸರಿನಲ್ಲಿ ಜಮಾ ಆಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಕಟ್ಟಬೇಕಾದ ತೆರಿಗೆ ಅದಕ್ಕಿಂತ ಕಡಿಮೆಯಿದ್ದರೆ ರಿಟರ್ನ್ ಸಲ್ಲಿಸಿ ಉಳಿದದ್ದನ್ನು ವಾಪಸ್ ಪಡೆಯಬಹುದು.